ರೂರುವಿನ ಎಡ ಮುಂಗಾಲು

ಮನುಕಾ ಡೌನ್ಸ್, ನ್ಯೂಜಿಲೆಂಡ್
3 ಮೇ 1927

ಪ್ರೀತಿಯ ಇಸ್ಸಿ,

ನೀನು ವೆಲಿಂಗ್ಟನ್ ರೈಲು ಹತ್ತಿದ್ದು ಸ್ಟೇಷನ್ ಮಾಸ್ತರರಿಂದ ತಿಳಿಯಿತು. ಈಸ್ಟರ್ ರೇಸಿನ ಮರುದಿನ ಲಾಯದ ಕೆಲಸ ಮುಗಿಸಿ ಮನೆಗೆ ಬಂದರೆ ನಿನ್ನ ಪೆಟ್ಟಿಗೆಯೂ ಇಲ್ಲ, ಅರ್ಧ ಬರೆದ ಚಿತ್ರವೂ ಇಲ್ಲ. ಒಲೆಯ ಮೇಲಿನ ಕೆಟಲ್ ಇನ್ನೂ ಬೆಚ್ಚಗಿತ್ತು. ನಿನ್ನ ಶಾಲೆ ತೆರೆಯುವುದಕ್ಕೆ ಇನ್ನೂ ಆರು ದಿನವಿತ್ತಲ್ಲ? ಇರಲಿ, ಹುಡುಗಿಯರಿಗೆ ಡ್ರಾಯಿಂಗ್ ಕಲಿಸುವವಳಿಗೆ ನೂರು ಕೆಲಸ.

ಬರೆಯುತ್ತಿರುವ ಕಾರಣ ಬೇರೆ. ರೇಸ್ ಕ್ಲಬ್ಬಿನ ಕಾರ್ಯದರ್ಶಿ ಪ್ರೌಡ್‌ಫುಟ್ ಭಾನುವಾರ ಬಂದಿದ್ದರು. ನೀನು ಬರೆಯುತ್ತಿರುವ ನಮ್ಮ ಕುದುರೆ ರೂರುವಿನ ಚಿತ್ರ ಅವರಿಗೆ ಬೇಕೇ ಬೇಕಂತೆ. ಸೆಪ್ಟೆಂಬರಿನಲ್ಲಿ ವಸಂತದ ರೇಸು ಶುರುವಾಗುವ ದಿನ ಸದಸ್ಯರ ಊಟದ ಕೋಣೆಯಲ್ಲಿ ಅದನ್ನು ತೂಗುಹಾಕುತ್ತಾರೆ. "ಮೂರನೇ ಕಪ್ ಹೋದ್ರೆ ಹೋಗ್ಲಿ ಬಿಡಿ ಟ್ರೆಗಿಯರ್," ಎಂದರು. "ರೂರು ಸೋತಿಲ್ಲ. ಅವನನ್ನ ಸೋಲಿಸಿದವನು ಬೆನ್ನ ಮೇಲೇ ಕೂತಿದ್ದ." ನಾನು ಅವರ ಬಟ್ಟಲಿಗೆ ಇನ್ನಷ್ಟು ಟೀ ಸುರಿದೆ.

ಚಿತ್ರದ ಕೆಳಗೆ ಒಂದು ಹಿತ್ತಾಳೆಯ ಫಲಕ ಇರುತ್ತದೆ. ಅದರಲ್ಲಿ ಕೆತ್ತಿಸಲು ರೂರು ಗೆದ್ದ ರೇಸುಗಳ ಪಟ್ಟಿ ಕೇಳಿದ್ದಾರೆ. ಬರೆಯಲು ಕೂತರೆ ಎಲ್ಲ ಕಣ್ಣ ಮುಂದೆ ಬಂತು. ಒಂದು ವರ್ಷದ ಮರಿಯನ್ನು ಹರಾಜಿನಿಂದ ತಂದಾಗ ಊರೇ ನಕ್ಕಿತ್ತು. ಕತ್ತು ಕುರಿಯದು, ಕಿವಿ ಕತ್ತೆಯದು, ಕಣ್ಣು ಗೂಬೆಯದು. "ಗೂಬೆ ಅಂತಲೇ ಕರೆಯೋಣ," ಎಂದು ನಮ್ಮ ಜಾಕಿ ಮಟಿಯು ತನ್ನ ಮಾವೊರಿ ಭಾಷೆಯಲ್ಲಿ ರೂರು ಎಂದು ಹೆಸರಿಟ್ಟ. ಮೂರನೆಯ ವಯಸ್ಸಿನಲ್ಲಿ ಮೊದಲ ಓಟ. ತಿರುವಿನಲ್ಲಿ ತಿರುಗದೆ ನೇರವಾಗಿ ಟೀ ಡೇರೆಗೆ ನುಗ್ಗಿ ಪಾದ್ರಿಯ ಹೆಂಡತಿ ಮಾಡಿದ ಕೇಕ್ ತಿಂದಿದ್ದ. ಅದೇ ಕುದುರೆ ಮುಂದೆ ಇಪ್ಪತ್ತೊಂದು ಓಟಗಳಲ್ಲಿ ಹದಿಮೂರು ಗೆದ್ದಿತು. 1925ರ ಈಸ್ಟರ್ ಕಪ್ ಮೊಣಕಾಲುದ್ದ ಕೆಸರಿನಲ್ಲಿ, ಕುದುರೆಯ ಕತ್ತಿನಷ್ಟೇ ಅಂತರದಲ್ಲಿ. 1926ರದ್ದು ಒಂಬತ್ತು ಸ್ಟೋನ್ ಎಂಟು ಪೌಂಡು ತೂಕ ಹೊತ್ತು, ನಾಲ್ಕು ಕುದುರೆಯುದ್ದ ಮುಂದೆ. ಎರಡು ಮೈಲಿ ಓಡಿ ಬಂದು ನನ್ನ ಜೇಬಿನಲ್ಲಿ ಸೇಬು ಹುಡುಕುತ್ತಿದ್ದ.

ಈ ವರ್ಷದ ಕಪ್ ಪಟ್ಟಿಯಲ್ಲಿ ಬರುವುದಿಲ್ಲ. ಏಳನೆಯ ಸ್ಥಾನವನ್ನು ಹಿತ್ತಾಳೆಯಲ್ಲಿ ಯಾರು ಕೆತ್ತಿಸುತ್ತಾರೆ?

ಇನ್ನೊಂದು ಮಾತು. ನಿನ್ನ ಚಿತ್ರದಲ್ಲಿ ರೂರುವಿನ ಮೇಲೆ ಮಟಿಯು ಕೂತಿದ್ದಾನೆ. ಗೆಲ್ಲುವ ಕುದುರೆಯನ್ನು ಬೇಕೆಂದೇ ಎಳೆದು ನಿಲ್ಲಿಸಿದನೆಂದು ಎರಡು ವರ್ಷ ರೇಸಿನಿಂದ ಹೊರಗಟ್ಟಿದವನನ್ನು ಸದಸ್ಯರು ಊಟ ಮಾಡುವಲ್ಲಿ ತೂಗುಹಾಕಲಾಗದಂತೆ. ಅವನನ್ನು ತೆಗೆದು ಆ ಜಾಗದಲ್ಲಿ ಬೇಲಿ, ಆಕಾಶ ಬರೆದರೆ ಸಾಕು. ನಿನಗೆ ಅದೇನೂ ದೊಡ್ಡ ಕೆಲಸವಲ್ಲ.

ನಿನ್ನ ಅಪ್ಪ,
ಆಲ್ಬನ್ ಟ್ರೆಗಿಯರ್


ವೆಲಿಂಗ್ಟನ್
19 ಮೇ 1927

ಪ್ರೀತಿಯ ಅಪ್ಪ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ರೂರು ಗೆದ್ದ ರೇಸುಗಳಿವೆ, ಪಾದ್ರಿಯ ಹೆಂಡತಿಯ ಕೇಕೂ ಇದೆ. ರೂರುವಿನ ಕಾಲು ಹೇಗಿದೆ ಎಂಬುದು ಮಾತ್ರ ಇಲ್ಲ.

ಚಿತ್ರ ನನ್ನ ಬಾಡಿಗೆ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ನಿಂತಿತ್ತು. ಮೊನ್ನೆ ತಿರುಗಿಸಿ, ನೀನು ಹೇಳಿದಂತೆ ಮಟಿಯುವನ್ನು ತೆಗೆಯಲು ಕೂತೆ. ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಮೊದಲು ಟೋಪಿ ಒರೆಸಿದೆ, ಆಮೇಲೆ ಮುಖ. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಅವನ ಕೆನ್ನೆಯ ಕಂದು ಇಳಿದು ರೂರುವಿನ ಕತ್ತಿನ ಮೇಲೆ ಹರಿಯಿತು. ಅಷ್ಟಕ್ಕೇ ನಿಲ್ಲಿಸಿದೆ. ಈಗ ತಲೆಯಿಲ್ಲದ ಮನುಷ್ಯನೊಬ್ಬ ಲಗಾಮು ಹಿಡಿದು ಕೂತಿದ್ದಾನೆ.

ಕುದುರೆಯ ಮೂರು ಕಾಲು ಮುಗಿದಿವೆ. ಎಡ ಮುಂಗಾಲನ್ನು ಹೇಗೆ ಬರೆಯಲಿ, ನೀನೇ ಹೇಳು.

ಇಸೊಬೆಲ್


ಮನುಕಾ ಡೌನ್ಸ್
6 ಜೂನ್ 1927

ಪ್ರೀತಿಯ ಇಸ್ಸಿ,

ಕಾಲು ವಾಸಿಯಾಗುತ್ತಿದೆ. ದಿನಕ್ಕೆ ಎರಡು ಸಲ ಹೊಳೆಯ ತಣ್ಣೀರಿನಲ್ಲಿ ನಿಲ್ಲಿಸುತ್ತೇನೆ. ಇನ್ನು ರೇಸಿಗೆ ಬರುವುದಿಲ್ಲ, ಹುಲ್ಲುಗಾವಲಿನಲ್ಲಿ ಸುಖವಾಗಿದ್ದಾನೆ. ಬೆಳಿಗ್ಗೆ ಉಳಿದ ಕುದುರೆಗಳು ಓಟಕ್ಕೆ ಹೊರಟಾಗ ಬೇಲಿಯುದ್ದಕ್ಕೂ ಕುಂಟುತ್ತ ಅವುಗಳ ಜೊತೆಗೇ ಬರುತ್ತಾನೆ. ಬೇಲಿ ಮುಗಿದಲ್ಲಿ ನಿಲ್ಲುತ್ತಾನೆ.

ಹೇಗೆ ಬರೆಯಲಿ ಎಂದಿದ್ದೀಯ. ಕಳೆದ ವರ್ಷ ಕಪ್ ಗೆದ್ದ ದಿನ ಹೇಗಿತ್ತೋ ಹಾಗೆ ಬರೆ. ಕಬ್ಬಿಣದ ಸಲಾಕೆಯಂತಿತ್ತು ಆ ಕಾಲು. ಕುದುರೆಯ ಒಳ್ಳೆಯ ದಿನವನ್ನು ಹಿಡಿದಿಡುವುದಕ್ಕೇ ಅಲ್ಲವೇ ಚಿತ್ರ ಇರುವುದು?

ಮಟಿಯು ಊರು ಬಿಟ್ಟ. ಯಾವ ಲಾಯದೊಳಗೂ ಕಾಲಿಡಕೂಡದೆಂದು ಕ್ಲಬ್ಬಿನವರು ಹೇಳಿದ ಮೇಲೆ ಯಾವ ತರಬೇತುದಾರ ತಾನೇ ಕೆಲಸ ಕೊಟ್ಟಾನು? ಹೆಂಡತಿ ಮಿರಿಯಾಮಾಳ ಊರು ವೈಕೋಟಾಕ್ಕೆ ಹೋಗಿ ನಾರಿನ ಮಿಲ್ಲು ಸೇರಿದ್ದಾನಂತೆ. ಕಳೆದ ವಾರ ಕುರಿ ಕಡಿದಿದ್ದೆ. ಅರ್ಧ ಅವರಿಗೆ ಕಳಿಸಿದೆ. ಮೂರನೆಯ ದಿನ ಅದೇ ಗಾಡಿಯಲ್ಲಿ, ಕಟ್ಟಿದ ಹಗ್ಗದ ಗಂಟು ಕೂಡ ಬಿಚ್ಚದೆ ವಾಪಸ್ಸು ಬಂತು. ಅಷ್ಟರಲ್ಲಿ ಕೆಟ್ಟಿತ್ತು. ಹಿತ್ತಲಲ್ಲಿ ಹೂಳಿದೆ.

ಈ ಕುರಿಯ ವಿಷಯ ಯಾಕೆ ಬರೆದೆನೋ ತಿಳಿಯದು. ಚಿತ್ರ ಬೇಗ ಮುಗಿಸು.

ಅಪ್ಪ


ವೆಲಿಂಗ್ಟನ್
10 ಜುಲೈ 1927

ಮಟಿಯು,

ಆರು ವರ್ಷದವಳಿದ್ದಾಗ ನನ್ನನ್ನು ಮೊದಲ ಸಲ ಕುದುರೆ ಹತ್ತಿಸಿದವನು ನೀನು. ಬಿದ್ದಾಗ ಮಣ್ಣು ಕೊಡವಿ, "ನೆಲ ಅಲ್ಲೇ ಇದೆಯಾ ಅಂತ ನೋಡ್ಕೊಂಡ್ ಬಂದ್ಯಾ?" ಎಂದು ನಗಿಸಿದವನು. ನಿನ್ನೊಂದಿಗೆ ಸುತ್ತಿ ಬಳಸಿ ಮಾತಾಡಲಾರೆ. ವಿಚಾರಣೆಯ ದಿನ ನಾನು ಸುಳ್ಳು ಹೇಳಿದೆ.

ಈಸ್ಟರಿನ ಹಿಂದಿನ ವಾರವೆಲ್ಲ ಚಿತ್ರಕ್ಕಾಗಿ ರೂರುವಿನ ಲಾಯದಲ್ಲೇ ಕೂತಿದ್ದೆನಲ್ಲ. ಮಂಗಳವಾರ ಅವನ ಎಡ ಮುಂಗಾಲಿನ ಹಿಂದಿನ ನರ ಬೆರಳಿನಷ್ಟು ದಪ್ಪಗಿತ್ತು. ಬುಧವಾರ ಎರಡು ಬೆರಳು. ನಾನು ಕಂಡದ್ದನ್ನು ಕಂಡ ಹಾಗೇ ಬರೆದುಕೊಂಡೆ, ಹಾಳೆಯ ಮೂಲೆಯಲ್ಲಿ ತಾರೀಕು ಹಾಕಿದೆ. ಗುರುವಾರ ಅಪ್ಪ ಬಾಗಿಲು ಹಾಕಿಕೊಂಡು ಮಣ್ಣಿನ ಪಟ್ಟು ಕಟ್ಟುತ್ತಿದ್ದ.

"ಅಪ್ಪಾ, ಅದು ಊದಿದೆ ಅಲ್ವಾ?" ಎಂದೆ.

"ಊದಿಲ್ಲ. ನಿಂತೂ ನಿಂತೂ ನೀರು ಇಳಿದಿದೆ. ಓಡಿದ್ರೆ ಹೋಗುತ್ತೆ. ನೀನು ಕಿವಿ ನೆಟ್ಟಗೆ ಬರಿ, ಕತ್ತೆ ಕಿವಿ ಹಾಗಿದೆ."

ನಾನು ಕಿವಿ ತಿದ್ದಿದೆ. ನಿನಗೆ ಹೇಳಲಿಲ್ಲ. ಸೋಮವಾರ ನೀನು ಅದೇ ಕಾಲಿನ ಮೇಲೆ ಹೊರಟೆ.

ತಿರುವಿನಲ್ಲಿ ಅವನು ಮುಗ್ಗರಿಸಿದ್ದು, ನೀನು ರಿಕಾಪಿನ ಮೇಲೆ ಎದ್ದು ನಿಂತು ಅವನನ್ನು ಹಿಡಿದದ್ದು, ಜನ ಕೂಗಿ ಸೇಬಿನ ತುಂಡು ಎಸೆದದ್ದು, ಎಲ್ಲವನ್ನೂ ಬೇಲಿಯ ಹತ್ತಿರವೇ ನಿಂತು ನೋಡಿದೆ. ಆಮೇಲೆ ವಿಚಾರಣೆ, ತೀರ್ಪು ಕೊಡುವ ಸ್ಟೀವರ್ಡುಗಳ ಕೋಣೆ. ನೀನು ಟೋಪಿ ಕೈಯಲ್ಲಿ ಹಿಡಿದು, "ಅವನ ಕಾಲು ಕೆಳಗೇ ಕುಸೀತು ಸರ್, ಮೊದಲೇ ನೋವಿತ್ತು ಅನ್ಸುತ್ತೆ," ಎಂದೆ. ಕುದುರೆ ನನ್ನ ಅಂಗಳದಿಂದ ಗಟ್ಟಿಯಾಗೇ ಹೊರಟಿತು, ಸವಾರ ಹಠಾತ್ತಾಗಿ ಎಳೆದದ್ದರಿಂದಲೇ ನರ ಹರಿದಿರಬೇಕು ಎಂದು ಅಪ್ಪ ಹೇಳಿದ. ಆಗ ಸ್ಟೀವರ್ಡುಗಳು ನನ್ನ ಕಡೆ ತಿರುಗಿದರು. "ಮಿಸ್ ಟ್ರೆಗಿಯರ್, ವಾರವಿಡೀ ನೀವು ಪಕ್ಕದಲ್ಲೇ ಕೂತಿದ್ರಿ. ಆ ಕಾಲಲ್ಲಿ ಏನಾದ್ರೂ ಕಾಣಿಸ್ತಾ?"

"ಇಲ್ಲ ಸರ್," ಎಂದೆ.

ನೀನು ನನ್ನನ್ನು ನೋಡಿದೆ. ಆಮೇಲೆ, ತಪ್ಪು ಮಾಡಿದವನು ನೀನೇ ಎಂಬಂತೆ, ನೆಲ ನೋಡಿದೆ. ಆ ನೋಟದಿಂದ ತಪ್ಪಿಸಿಕೊಳ್ಳಲು ನಾನು ಮರುದಿನವೇ ಊರು ಬಿಟ್ಟೆ. ತಪ್ಪಿಸಿಕೊಳ್ಳಲಾಗಿಲ್ಲ. ಕ್ಷಮಿಸು ಎಂದು ಕೇಳಲು ಬಾಯಿಲ್ಲ, ಆದರೂ ಕೇಳುತ್ತೇನೆ. ಕ್ಷಮಿಸು.

ಇಸ್ಸಿ


ವೈಕೋಟಾ
2 ಆಗಸ್ಟ್ 1927

ಮಿಸ್ ಟ್ರೆಗಿಯರ್ ಅವರಿಗೆ,

ನಾನು ಮಿರಿಯಾಮಾ ಪರಾಟೆನೆ, ಮಟಿಯುವಿನ ಹೆಂಡತಿ. ನಿಮ್ಮ ಪತ್ರವನ್ನು ಅವನ ಕೈಗೆ ಕೊಟ್ಟಿಲ್ಲ. ಕೈ ಕಟ್ಟಿನಲ್ಲಿದೆ. ಜುಲೈ ಹನ್ನೆರಡರಂದು ಮಿಲ್ಲಿನಲ್ಲಿ ನಾರು ಬಿಡಿಸುವ ಯಂತ್ರ ಅವನ ಬಲಗೈಯನ್ನು ಎಳೆದುಕೊಂಡಿತು. ಎರಡು ಬೆರಳು ಹೋದವು. ಹದಿನೇಳು ವರ್ಷ ಲಗಾಮು ಹಿಡಿದ ಕೈಗೆ ಯಂತ್ರದ ಅಭ್ಯಾಸವಿರಲಿಲ್ಲ.

ಪತ್ರವನ್ನು ನಾನೇ ಒಡೆದು ಓದಿದೆ. ತಪ್ಪು ಎನ್ನುವುದಾದರೆ ಎನ್ನಿ. ನಿಮಗೆ ಎದೆಯ ಭಾರ ಇಳಿಸಬೇಕಿತ್ತು, ಇಳಿಸಿದಿರಿ. ಅದೂ ನಮ್ಮ ಮನೆ ಬಾಗಿಲಲ್ಲಿ. ಈಗ ಅದನ್ನು ಯಾರು ಹೊರಬೇಕು? ನೀವು ಸುಳ್ಳು ಹೇಳಿದಿರೆಂದು ನನ್ನ ಗಂಡನಿಗೆ ಯಾಕೆ ಹೇಳುತ್ತೀರಿ? ಅವನಿಗೆ ಗೊತ್ತಿಲ್ಲವೇ? ಇಡೀ ಲೋಕದಲ್ಲಿ ಅದು ಮೊದಲೇ ಗೊತ್ತಿದ್ದವರು ಮೂರು ಜನ, ಅವರಲ್ಲೊಬ್ಬ ಅವನು. ಅದನ್ನು ಕೇಳಬೇಕಾದವರು ಮನುಕಾ ಡೌನ್ಸಿನಲ್ಲಿ ಮೇಜಿನ ಹಿಂದೆ ಕೂತಿದ್ದಾರೆ. ಅವರಿಗೆ ಹೇಳುತ್ತೇನೆಂದು ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಎರಡು ಸಲ ಹುಡುಕಿದೆ.

ಶಾಲೆಯಲ್ಲಿ ನನ್ನ ಮಗಳನ್ನು, "ನಿಮ್ಮಪ್ಪ ಎಷ್ಟಕ್ಕೆ ರೇಸು ಮಾರಿದ?" ಎಂದು ಕೇಳುತ್ತಾರೆ. ನಮ್ಮ ಹಿರಿಯರೊಬ್ಬರು ಎಲ್ಲರೆದುರೇ ಕೇಳಿದರು. ಆಗ ಮಟಿಯು ಹೇಳಿದ್ದು ಇಷ್ಟೇ: "ಕುದುರೆ ಬದುಕಿದೆ, ನಾನೂ ಬದುಕಿದೀನಿ. ಹಿಂದೆ ಬರ್ತಿದ್ದ ಆರು ಜಾಕಿಗಳೂ ನೆಟ್ಟಗೆ ಮನೆಗೆ ಹೋದ್ರು. ಇನ್ನೇನು ಬೇಕು?" ನಾನು ಅಷ್ಟು ದೊಡ್ಡವಳಲ್ಲ. ನನಗೆ ಇನ್ನೂ ಬೇಕು.

ಇಸ್ಸಿ, ನನ್ನ ಅಡುಗೆಮನೆಯಲ್ಲಿ ಕೂತು ಗೆಣಸು ತಿಂದು ಬೆಳೆದವಳು ನೀನು. ಬೆರಳು ನೀನು ಕತ್ತರಿಸಲಿಲ್ಲ ಎಂದು ನನಗೆ ಗೊತ್ತು. ಆದರೆ ಅವನು ಆ ಯಂತ್ರದ ಮುಂದೆ ಯಾಕೆ ನಿಂತಿದ್ದ ಎಂಬುದೂ ಗೊತ್ತು.

ಮಿರಿಯಾಮಾ


ವೆಲಿಂಗ್ಟನ್
9 ಆಗಸ್ಟ್ 1927

ಅಪ್ಪ,

ಮಿರಿಯಾಮಾಳ ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ಮೊದಲು ಅದನ್ನು ಓದು, ಆಮೇಲೆ ಇದನ್ನು.

ಓದಿದೆಯಾ?

ನನ್ನ ಬಳಿ ಮೂರು ಹಾಳೆಗಳಿವೆ. ಏಪ್ರಿಲ್ ಹನ್ನೆರಡು, ಹದಿಮೂರು, ಹದಿನಾಲ್ಕು. ಮೂರನೆಯದರಲ್ಲಿ ಕಾಲು ಮಾತ್ರವಲ್ಲ, ಅದರ ಮುಂದೆ ಮೊಣಕಾಲೂರಿ ಪಟ್ಟು ಕಟ್ಟುತ್ತಿರುವ ನೀನೂ ಇದ್ದೀಯ. ಬೆನ್ನು ಮಾತ್ರ ಕಾಣುತ್ತದೆ. ಆದರೂ ಅದು ನೀನೆಂದು ಯಾರು ಬೇಕಾದರೂ ಹೇಳುತ್ತಾರೆ.

ಇವನ್ನು ತೆಗೆದುಕೊಂಡು ಸ್ಟೀವರ್ಡುಗಳ ಮುಂದೆ ಹೋಗುತ್ತೇನೆ. ನಾನು ಹೇಳಿದ ಸುಳ್ಳನ್ನು ನಾನೇ ಹೇಳಿಕೊಳ್ಳಬೇಕು. ಅದಕ್ಕಿಂತ ಮುಂಚೆ ನೀನೇ ಹೋಗಿ ಹೇಳಲಿ ಎಂಬ ಆಸೆ ನನಗಿದೆ. ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ. ಬೆದರಿಸುತ್ತಿಲ್ಲ ಅಪ್ಪ. ನಿನ್ನ ಹಿಂದೆ ಬರುವುದು ನನಗೆ ಸುಲಭ, ನಿನ್ನನ್ನು ದಾಟಿ ಹೋಗುವುದು ಕಷ್ಟ. ಅಷ್ಟೇ.

ಇಸ್ಸಿ


ಮನುಕಾ ಡೌನ್ಸ್
20 ಆಗಸ್ಟ್ 1927

ಇಸೊಬೆಲ್,

ನಿನಗೆ ಮೂರು ಪತ್ರ ಬರೆದು ಒಲೆಗೆ ಹಾಕಿದೆ. ಮೊದಲನೆಯದರಲ್ಲಿ ಬೈದಿದ್ದೆ. ಮೂವತ್ತೊಂದು ವರ್ಷ ಕಟ್ಟಿದ್ದನ್ನು ಪೆನ್ಸಿಲ್ ಹಿಡಿದ ಮಗಳು ಕೆಡವುತ್ತಾಳೆ ಎಂದು ಬರೆದಿದ್ದೆ. ಎರಡನೆಯದರಲ್ಲಿ ಬೇಡಿಕೊಂಡಿದ್ದೆ. ಮೂರನೆಯದರಲ್ಲಿ ಏನಿತ್ತೋ ನೆನಪಿಲ್ಲ, ಸುಳ್ಳೇ ಇದ್ದಿರಬೇಕು.

ಇದು ನಾಲ್ಕನೆಯದು. ನಡೆದದ್ದನ್ನು ಬರೆಯುತ್ತೇನೆ.

ಮೂರನೆಯ ಕಪ್ ಬೇಕಿತ್ತು. ಸಾಲಾಗಿ ಮೂರು ವರ್ಷ ಯಾವ ಕುದುರೆಯೂ ಗೆದ್ದಿಲ್ಲ, ಯಾವ ತರಬೇತುದಾರನೂ ಗೆಲ್ಲಿಸಿಲ್ಲ. ಇಷ್ಟೇ ಕಾರಣ. ಬೇರೇನಾದರೂ ದೊಡ್ಡ ಕಾರಣವಿದೆಯೇ ಎಂದು ನಾಲ್ಕು ತಿಂಗಳಿಂದ ಹುಡುಕುತ್ತಿದ್ದೇನೆ. ಇಲ್ಲ. ಬೆಳಿಗ್ಗೆ ಕಾಲು ತಣ್ಣಗಿದ್ದರೆ ಇವತ್ತು ತಣ್ಣಗಿದೆ ಎನ್ನುತ್ತಿದ್ದೆ. ಬಿಸಿಯಿದ್ದರೆ ನನ್ನ ಕೈಯೇ ಬಿಸಿ ಎನ್ನುತ್ತಿದ್ದೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಹತ್ತುವ ಮುಂಚೆ ಮಟಿಯು ನನ್ನನ್ನು ಕೇಳಿದ. ರೂರುವನ್ನು ಒಂದು ಸುತ್ತು ನಡೆಸಿ ತಂದು, ಪಕ್ಕದವರಿಗೆ ಕೇಳಿಸದ ಹಾಗೆ, "ಯಜಮಾನ್ರೇ, ಎಡಗಡೆ ಸ್ವಲ್ಪ ತಡವರಿಸ್ತಾನಲ್ಲ?" ಎಂದ.

"ಬೆಚ್ಚಗಾದ್ರೆ ಸರಿ ಹೋಗ್ತಾನೆ. ಹತ್ತು," ಎಂದೆ.

"ನೀವು ನೋಡಿದೀರಲ್ಲ?"

"ನೋಡಿದೀನಿ."

ಅವನು ಮೊಣಕಾಲು ಮಡಚಿ ಕೊಟ್ಟ. ನಾನೇ ಎತ್ತಿ ಕೂರಿಸಿದೆ. ವಿಚಾರಣೆಯಲ್ಲಿ ಅವನು ಇದನ್ನು ಹೇಳಿದ್ದರೆ ಉಳಿಯುತ್ತಿದ್ದನೋ ಏನೋ. ಹೇಳಲಿಲ್ಲ. ನಾನೇ ಹೇಳಲಿ ಎಂದು ಕಾಯುತ್ತಿದ್ದನೆಂದು ಕಾಣುತ್ತದೆ. ನಾನು ಸ್ಟೀವರ್ಡುಗಳ ಮೇಜಿನ ಮೇಲಿದ್ದ ಶಾಯಿಯ ಕುಡಿಕೆಯನ್ನು ನೋಡುತ್ತ ಕೂತಿದ್ದೆ.

ಮಿರಿಯಾಮಾಳ ಪತ್ರ ನನ್ನ ಕೋಟಿನ ಜೇಬಿನಲ್ಲಿದೆ. ಹೋಗಿ ಹೇಳುವೆನೆಂದು ಹೇಳಲು ಇವತ್ತು ಧೈರ್ಯವಿಲ್ಲ. ಹೇಳಲಾರೆ ಎಂದು ಬರೆಯಲೂ ಕೈ ಏಳುತ್ತಿಲ್ಲ.

ಅಪ್ಪ


ವೆಲಿಂಗ್ಟನ್
27 ಆಗಸ್ಟ್ 1927

ಪ್ರೀತಿಯ ಅಪ್ಪ,

ಸೆಪ್ಟೆಂಬರ್ ಹದಿನೈದರ ರೈಲಿಗೆ ಬರುತ್ತೇನೆ. ಹದಿನಾರಕ್ಕೆ ಸ್ಟೀವರ್ಡುಗಳು ಸೇರುತ್ತಾರೆ, ನನ್ನ ಹೆಸರಿನಲ್ಲಿ ಸಮಯ ಕೇಳಿದ್ದೇನೆ. ನಿನ್ನ ಹೆಸರು ಬರೆದಿಲ್ಲ. ಅದನ್ನು ಬರೆಯುವುದು, ಬಿಡುವುದು ನಿನ್ನದು.

ಸ್ಟೇಷನ್ನಿಗೆ ಗಾಡಿ ತರುವುದಾದರೆ ತಾ. ಇಲ್ಲವಾದರೆ ನಡೆದೇ ಬರುತ್ತೇನೆ, ಬೇಜಾರಿಲ್ಲ.

ಇಸ್ಸಿ


ಮನುಕಾ ಡೌನ್ಸ್
2 ಅಕ್ಟೋಬರ್ 1927

ಪ್ರೀತಿಯ ಇಸ್ಸಿ,

ನೀನು ಹೊರಟು ಎರಡು ವಾರವಾಯಿತು. ಇಲ್ಲಿದ್ದ ಮೂರು ದಿನದಲ್ಲಿ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಆಗ ಹೇಳದೆ ಉಳಿದದ್ದನ್ನು ಈಗ ಬರೆಯುತ್ತೇನೆ.

ನೀನು ಬರುವ ಹಿಂದಿನ ದಿನ ಪ್ರೌಡ್‌ಫುಟ್ ಬಂದಿದ್ದರು. ನಾನೂ ಸಮಯ ಕೇಳಿದ್ದು ಅವರಿಗೆ ತಿಳಿದಿತ್ತು, ಯಾಕೆಂದೂ ಊಹಿಸಿದ್ದರು. "ಇಷ್ಟು ರಂಪ ಯಾಕೆ ಟ್ರೆಗಿಯರ್? ಆ ಪರಾಟೆನೆಗೆ ಕೈಗೆ ಪೆಟ್ಟಾಗಿದೆಯಂತೆ. ಪಾಪ ಅಂತ ಕರುಣೆ ತೋರಿಸಿ ಶಿಕ್ಷೆ ಮೊಟಕು ಮಾಡ್ತೀವಿ. ಅವನೂ ಖುಷಿ, ನಿಮ್ಮ ಲೈಸೆನ್ಸೂ ಉಳೀತು, ಚಿತ್ರಾನೂ ಗೋಡೆ ಮೇಲೆ." ಕೇಳುವಾಗ ಎಷ್ಟು ಹಿತವಾಗಿತ್ತು ಗೊತ್ತೇ? ಹೂಂ ಎನ್ನಲು ಬಾಯಿ ತೆರೆದೂ ಇದ್ದೆ. ಆಗ ಕೋಟಿನ ಜೇಬಿಗೆ ಕೈಹೋಯಿತು, ಮಿರಿಯಾಮಾಳ ಪತ್ರ ಅಲ್ಲೇ ಇತ್ತು. ತಪ್ಪು ಮಾಡದವನಿಗೆ ಕರುಣೆ ತೋರಿಸುವುದೆಂದರೆ ತಪ್ಪನ್ನು ಇನ್ನೊಂದು ಸಲ ಅವನ ತಲೆಗೆ ಕಟ್ಟಿದಂತೆಯೇ. "ಬೇಡ," ಎಂದೆ. ಅವರು ಟೀ ಕುಡಿಯದೆ ಎದ್ದುಹೋದರು.

ಸ್ಟೀವರ್ಡುಗಳ ಮುಂದೆ ನಡೆದದ್ದನ್ನು ನೀನೇ ನೋಡಿದ್ದೀಯ. ನಾನು ಹೇಳಿದ್ದನ್ನೇ ಎರಡು ಸಲ ಹೇಳಬೇಕಾಯಿತು. ನಿನ್ನ ಮೂರು ಹಾಳೆಗಳು ಕೈಯಿಂದ ಕೈಗೆ ಹೋಗುವಾಗ, ಇಷ್ಟು ಚೆನ್ನಾಗಿ ಬರೆಯುತ್ತಾಳೆಂದು ನಾನು ಇವಳಿಗೆ ಒಂದು ಸಲವೂ ಹೇಳಿಲ್ಲವಲ್ಲ ಎಂದು ಯೋಚಿಸುತ್ತಿದ್ದೆ. ಯೋಚನೆ ಎಲ್ಲೆಲ್ಲಿಗೋ ಹೋಗುತ್ತದೆ.

ಮೂರು ವರ್ಷ ನನ್ನ ಲೈಸೆನ್ಸು ಹೋಯಿತು. ಮಟಿಯು ನಿರ್ದೋಷಿ ಎಂದು ಪತ್ರಿಕೆಯಲ್ಲಿ ಬಂದಿದೆ, ಆದರೆ ಆರನೆಯ ಪುಟದಲ್ಲಿ, ಉಣ್ಣೆಯ ಧಾರಣೆಯ ಕೆಳಗೆ. ಏಪ್ರಿಲಿನಲ್ಲಿ ಮೊದಲ ಪುಟದಲ್ಲಿತ್ತು. ಕುದುರೆಗಳನ್ನೆಲ್ಲ ಬೇರೆಯವರು ಕರೆದೊಯ್ದರು. ಚಿತ್ರ ಬೇಡವೆಂದು ಕ್ಲಬ್ಬಿನವರು ಎರಡು ಸಾಲು ಬರೆದಿದ್ದಾರೆ. ಕೆತ್ತಿಸಿದ ಫಲಕವನ್ನು ನನಗೇ ಕಳಿಸಿದ್ದಾರೆ.

ಕಳೆದ ಭಾನುವಾರ ರೂರುವನ್ನು ಗಾಡಿಯ ಹಿಂದೆ ಕಟ್ಟಿಕೊಂಡು ನಿಧಾನವಾಗಿ ವೈಕೋಟಾಕ್ಕೆ ಹೋದೆ. ಮಟಿಯು ಅಂಗಳದಲ್ಲಿ ಎಡಗೈಯಿಂದ ಸೌದೆ ಒಡೆಯುತ್ತಿದ್ದ. ರೂರು ದೂರದಿಂದಲೇ ಕೂಗಿದ. ಮಟಿಯು ಕೊಡಲಿ ಕೆಳಗಿಟ್ಟು ಮೊದಲು ಅವನ ಹತ್ತಿರ ಹೋದ, ಕಾಲು ನೀವಿದ, ಕಿವಿ ಹಿಡಿದು ಏನೋ ಹೇಳಿದ. ಆಮೇಲೆ ನನ್ನ ಕಡೆ ನೋಡಿದ.

ನಾನು ದಾರಿಯಲ್ಲಿ ಜೋಡಿಸಿಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಯಿತು. "ಇವನನ್ನ ನಿನಗೆ ಕೊಡೋಣ ಅಂತ ತಂದೆ," ಎಂದೆ.

ಅವನು ರೂರುವಿನ ಕತ್ತು ಸವರಿದ. "ಬೇಡ ಯಜಮಾನ್ರೇ," ಎಂದ. "ನಾನು ಇಟ್ಕೊಂಡ್ರೆ ದಿನಾ ಬೆಳಿಗ್ಗೆ ಎದ್ದು ಆ ಕಾಲು ನಾನು ನೋಡ್ಬೇಕಾಗುತ್ತೆ. ನೀವೇ ನೋಡಿ."

ಸಿಟ್ಟಿನಿಂದ ಹೇಳಲಿಲ್ಲ. ಮಿರಿಯಾಮಾ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬಾ ಎನ್ನಲಿಲ್ಲ. ಕುದುರೆಗೆ ಮಾತ್ರ ಒಂದು ಬಕೆಟ್ ನೀರು ತಂದಿಟ್ಟಳು. ಅದು ಕುಡಿದ ಮೇಲೆ ಹೊರಟು ಬಂದೆವು.

ಈಗ ಲಾಯದಲ್ಲಿ ಅವನೊಬ್ಬನೇ. ದಿನಾ ನೋಡುತ್ತಿದ್ದೇನೆ.

ನಿನ್ನ ಅಪ್ಪ


ವೈಕೋಟಾ
6 ನವೆಂಬರ್ 1927

ಇಸ್ಸಿ,

ಇದು ಮಟಿಯು. ಮೂರು ಬೆರಳಲ್ಲಿ ಪೆನ್ನು ಇನ್ನೂ ಮಾತು ಕೇಳ್ತಿಲ್ಲ. ನಾನು ಹೇಳ್ತೀನಿ, ಮಿರಿಯಾಮಾ ಬರೀತಾಳೆ. ಒಂದಕ್ಷರಾನೂ ಬದಲಾಯಿಸಲ್ಲ ಅಂತ ಮಾತು ತಗೊಂಡಿದೀನಿ.

ನಿನ್ನ ಪತ್ರ ಎಲ್ಲಾ ಬಂತು. ಜುಲೈದೂ ಕೊಟ್ಟಳು, ಕಡೆಗೆ. ಚಿತ್ರದಲ್ಲಿ ನನ್ನ ಮುಖ ಮತ್ತೆ ಬರೀಲಾ ಅಂತ ಕೇಳಿದೀಯ. ಬೇಡ. ಆ ಕಾಲಿನ ಮೇಲೆ ಒಂದು ಸಲ ಕೂತಿದ್ದು ಸಾಕು, ಜೀವಮಾನ ಪೂರ್ತಿ ಗೋಡೆ ಮೇಲೂ ಕೂರಬೇಕಾ? ನನ್ನನ್ನ ಪೂರ್ತಿ ಇಳಿಸಿಬಿಡು. ಮೂರು ಕಾಲು ಬರೆದಾಗಿದೆ ಅಂದೆಯಲ್ಲ, ನಾಲ್ಕನೇದು ಹೇಗಿತ್ತೋ ಹಾಗೇ ಬರಿ. ಬರೆದು ನಿನ್ನ ಹತ್ರಾನೇ ಇಟ್ಕೋ. ನಮ್ಮನೆಗೆ ಕಳಿಸಬೇಡ, ಇಲ್ಲಿ ಗೋಡೆ ಚಿಕ್ಕದು. (ಗೋಡೆ ಏನೂ ಚಿಕ್ಕದಲ್ಲ. ಮಿ.)

ನೋಡು, ಈಗಲೇ ಮಾತು ಮುರಿದಳು.

ಹೋದ ಶನಿವಾರ ಹತ್ತಿರದ ಊರಲ್ಲಿ ಸಣ್ಣ ರೇಸ್ ಇತ್ತು. ಒಬ್ಬ ರೈತ ತನ್ನ ಹೆಣ್ಣು ಕುದುರೆಗೆ ಜಾಕಿ ಇಲ್ಲ ಅಂತ ಕೇಳ್ತಾ ಬಂದ. ಕೈ ತೋರಿಸ್ದೆ. "ನನ್ನ ಕುದುರೆಗೂ ಒಂದು ಕಣ್ಣಿಲ್ಲ, ಸರಿ ಹೋಗುತ್ತೆ ಬಾ," ಅಂದ. ಹತ್ತಿದೆ. ತಿರುವಿನಲ್ಲಿ ಲಗಾಮು ಜಾರಿತು, ಹಲ್ಲಲ್ಲಿ ಕಚ್ಚಿ ಹಿಡಿದೆ. ಒಂಬತ್ತರಲ್ಲಿ ಐದನೆಯವನಾಗಿ ಬಂದೆ. ಯಾರೂ ಕೂಗಲಿಲ್ಲ. ಇಳಿದ ಮೇಲೆ ಜೀನು ಬಿಚ್ಚೋಕೆ ಮಿರಿಯಾಮಾ ಬರಬೇಕಾಯ್ತು. ಇನ್ನು ಮೇಲೆ ದೊಡ್ಡ ರೇಸಿಗೆಲ್ಲ ಯಾರೂ ನನ್ನ ಕರೆಯಲ್ಲ, ಗೊತ್ತು. ಆ ಕೈ ಹೋಯ್ತು.

ಆ ದಿನ ನಿನ್ನನ್ನ ನೋಡಿ ಆಮೇಲೆ ನೆಲ ನೋಡಿದೆ ಅಂತ ಬರೆದಿದೀಯ. ಯಾಕೆ ಅಂತ ಹೇಳ್ತೀನಿ. ನೀನು 'ಇಲ್ಲ ಸರ್' ಅಂದಾಗ ನಿನ್ನ ಮುಖ ಆರು ವರ್ಷದ ಹುಡುಗಿ ಕುದುರೆಯಿಂದ ಬಿದ್ದಾಗಿನ ಹಾಗಿತ್ತು. ಇನ್ನೊಂದು ಕ್ಷಣ ನೋಡಿದ್ರೆ ನಾನೇ ನಿನ್ನನ್ನ ಸಮಾಧಾನ ಮಾಡ್ಬೇಕಾಗ್ತಿತ್ತು. ಅದಕ್ಕೇ ನೆಲ ನೋಡಿದೆ.

ಕ್ಷಮಿಸಿದೀಯಾ ಅಂತ ಮತ್ತೆ ಕೇಳಿದೀಯ. ಇನ್ನೂ ಇಲ್ಲ, ಇಸ್ಸಿ. ಹೌದು ಅಂತ ಬರೆಸೋದು ಸುಲಭ, ಬರೆಯೋಳು ಇಲ್ಲೇ ಕೂತಿದಾಳೆ. ಆದ್ರೆ ಬೆಳಿಗ್ಗೆ ಅಂಗಿ ಗುಂಡಿ ಹಾಕ್ಕೊಳ್ಳೋವಾಗ ಇನ್ನೂ ನಿಮ್ಮಿಬ್ಬರ ನೆನಪು ಬರುತ್ತೆ, ಒಳ್ಳೆ ರೀತೀಲಿ ಅಲ್ಲ. ಹಾಗಿರೋವಾಗ ಹೌದು ಅಂದ್ರೆ ಅದೂ ಸುಳ್ಳೇ ಅಲ್ವಾ? ಮುಂದಿನ ಈಸ್ಟರಿಗೆ ಕೇಳು. ಆಗಲೂ ಇಲ್ಲ ಅಂದ್ರೆ ಅದರ ಮುಂದಿನ ವರ್ಷ.

ಕೇಳೋದನ್ನ ಮಾತ್ರ ಬಿಡಬೇಡ.

ಮಟಿಯು ಪರಾಟೆನೆ
(ಹೆಸರು ಅವನೇ ಬರೆದದ್ದು. ಮಿ.)